ಅರವತ್ತನಾಲ್ಕು ಮೆಟ್ಟಿಲ ಕಂಡಕ್ಟರಕ್ಕ

ನಮ್ಮ ಕಂಡಕ್ಟರಕ್ಕ ಮೂವತ್ತೊಂದು ವರ್ಷ ಬಸ್ಸಿನಲ್ಲಿ ಜನರಿಗೆ “ಒಳಗೆ ಹೋಗಿ, ಒಳಗೆ ಹೋಗಿ” ಎಂದು ಹೇಳಿ, ನಿವೃತ್ತಿಯಾದ ಮೇಲೆ ತಾವೇ ಮನೆಯೊಳಗೆ ಇರಲಾರದೆ ಒದ್ದಾಡಿದರು. ಮೊದಲ ವಾರ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದರು. ಎರಡನೆಯ ವಾರ ಯಜಮಾನರ ಚಪ್ಪಲಿಗಳ ಸರದಿ. ಯಜಮಾನರು ದರ್ಜಿ. ಮೂರನೆಯ ವಾರ ಅವರ ನೂಲಿನುಂಡೆಗಳ ಮೇಲೆ ಹೆಂಡತಿಯ ಕಣ್ಣು ಬಿದ್ದದ್ದೇ ತಡ, ಮಿಷನ್ನಿನಿಂದ ತಲೆ ಎತ್ತದೆ, “ನೋಡು, ಹೊರಗೆ ಊರು ಅಂತ ಒಂದಿದೆ. ಅದನ್ನೂ ಒಂಚೂರು ಸರಿಮಾಡಿ ಬಾ” ಅಂದರು. ಹೇಳಿದ್ದು ತಮಾಷೆಗೆ. ಮೂವತ್ತೊಂದು ವರ್ಷ ಸರ್ಕಾರಿ ಕೆಲಸ ಮಾಡಿದವರಿಗೆ ತಮಾಷೆಗೂ ಆದೇಶಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ.

ಅಕ್ಕನ ಮನೆ ಮೇಲಿನ ಬೀದಿಯಲ್ಲಿ, ಅವರ ತಂಗಿಯ ಮನೆ ಕೆಳಗಿನ ಬೀದಿಯಲ್ಲಿ. ನಡುವೆ ಅರವತ್ತನಾಲ್ಕು ಕಲ್ಲಿನ ಮೆಟ್ಟಿಲು. ತಂಗಿಗೆ ಮಂಡಿ ಕೈಕೊಟ್ಟು ಎರಡು ವರ್ಷವಾಗಿತ್ತು. ಹಾಗಾಗಿ ದಿನಾ ನಾಲ್ಕು ಗಂಟೆಗೆ ಅಕ್ಕನೇ ಇಳಿದು ಹೋಗಬೇಕು. ಇಬ್ಬರೂ ಒಂದೊಂದು ಲೋಟ ಟೀ ಕುಡಿದು, ಒಬ್ಬರನ್ನೊಬ್ಬರು ಚೆನ್ನಾಗಿ ಬೈದುಕೊಂಡು, ಹಗುರಾಗುತ್ತಿದ್ದರು.

ಆ ಮೆಟ್ಟಿಲುಗಳಾದರೋ ಎರಡೂ ಬೀದಿಗೆ ಸೇರಿದ ತಿಪ್ಪೆಯಾಗಿಬಿಟ್ಟಿದ್ದವು. ಒಂದು ದಿನ ಪುರಸಭೆಯವರು ನೋಟೀಸು ಅಂಟಿಸಿದರು: ಮೂರು ತಿಂಗಳಲ್ಲಿ ಶುಚಿಯಾಗದಿದ್ದರೆ ಎರಡೂ ತುದಿಗೆ ಗೇಟು ಹಾಕಿ ಬೀಗ ಜಡಿಯಲಾಗುವುದು. ಆಮೇಲೆ ತಂಗಿಯ ಮನೆಗೆ ರೈಲ್ವೆ ಗೇಟು ದಾಟಿ ಎರಡೂವರೆ ಕಿಲೋಮೀಟರು ಸುತ್ತು.

“ಅಷ್ಟು ದೂರ ಬಂದು ಬೈಸಿಕೊಳ್ಳೋ ದರ್ದು ನಿನಗೇನಿದೆ, ಬಿಡು” ಅಂದಳು ತಂಗಿ. ಅಂದು ಸೆರಗಿನಿಂದ ಕನ್ನಡಕ ಒರೆಸಿಕೊಂಡಳು. ಅದು ಆಗಲೇ ಶುಭ್ರವಾಗಿತ್ತು.

ಮುಂದಿನ ಭಾನುವಾರ ಬೆಳಿಗ್ಗೆ ಆರಕ್ಕೆ ಮೆಟ್ಟಿಲ ತುದಿಯಲ್ಲಿ ಅಕ್ಕನ ಕಂಡಕ್ಟರ್ ಸೀಟಿ ಕೇಳಿಸಿತು. ಹಲ್ಲಿನ ಡಾಕ್ಟರು, ವೆಲ್ಡರು, ನಾವು ಇನ್ನೈದಾರು ಮಂದಿ ಕಣ್ಣುಜ್ಜುತ್ತಾ ಹೊರಬಂದೆವು. ಡಾಕ್ಟರಿಗೆ ಅರವತ್ತನಾಲ್ಕು ಮೆಟ್ಟಿಲೂ ಎರಡು ಬಾಯಿಯ ಹಲ್ಲಿನಂತೆ ಕಂಡವು. ಸಂದಿಸಂದಿಯಲ್ಲಿ ಕಡ್ಡಿ ಹಾಕಿ ಕೆದಕಿದರು. ಕಸದ ಈ ಕಸರತ್ತಿನಿಂದ ಮೊದಲ ವಾರ ಇಪ್ಪತ್ತೆರಡು ಮೂಟೆ ಎತ್ತಿದೆವು. ಎರಡನೆಯ ವಾರ ಇಪ್ಪತ್ತಾರು. ಐದನೆಯ ವಾರ ನಲವತ್ತು. ಎತ್ತಿದಷ್ಟೂ ಬೆಳೆಯುವ ಇಂಥ ಬೆಳೆಯನ್ನು ನಾವು ಕಂಡಿರಲಿಲ್ಲ. ಅದೂ ಎಷ್ಟು ಮರ್ಯಾದಸ್ಥ ಕಸ ಅಂತೀರಿ! ಶನಿವಾರ ಸಂಜೆ ಚೀಲದಲ್ಲಿ ಗಂಟು ಕಟ್ಟಿ, ಮೇಲೊಂದು ಚೀಟಿ: ‘ಗಾಜು ಇದೆ, ಕೈ ಜೋಪಾನ.’ ಇನ್ನೊಂದರಲ್ಲಿ: ‘ಹಳೇ ಹಾಸಿಗೆ. ಇಬ್ಬರು ಬನ್ನಿ.’

ಆರನೆಯ ವಾರ ಕೆಳಗಿನ ಬೀದಿಯ ಒಬ್ಬ ಹೆಂಗಸು ಸೊಂಟಕ್ಕೆ ಕೈಯಿಟ್ಟು ಕಾದು ನಿಂತಿದ್ದಳು. “ಏನಕ್ಕಾ, ಹೋದ ವಾರ ನಮ್ಮ ಚೀಲ ಬಿಟ್ಟೇ ಹೋಗಿದ್ರಿ? ಹೀಗಾದ್ರೆ ಹೇಗೆ?”

ಅಕ್ಕ ಸೀಟಿಯನ್ನು ಬಾಯಿಂದ ತೆಗೆದು ಮೆಟ್ಟಿಲ ಮೇಲೆ ಕುಳಿತುಬಿಟ್ಟರು.

“ಡಾಕ್ಟ್ರೇ, ನಾವು ಕಸ ತೆಗೀತಿಲ್ಲ, ಕಸಕ್ಕೆ ಸರ್ವಿಸ್ ಓಡಿಸ್ತಿದೀವಿ. ಅದೂ ಕರೆಕ್ಟ್ ಟೈಮಿಗೆ.”

“ಹಾಗಾದ್ರೆ ಏನ್ಮಾಡೋದು?”

“ಬಸ್ಸಲ್ಲಿ ನಿಂತವರು ಸಿಪ್ಪೇನ ಎಲ್ಲೆಂದ್ರಲ್ಲಿ ಹಾಕ್ತಾರೆ. ಕೂತವರು ಹಾಗಲ್ಲ, ಪಕ್ಕದ ಸೀಟಿನ ಕೆಳಗೆ ತಳ್ತಾರೆ. ಎಲ್ರಿಗೂ ಸೀಟು ಕೊಟ್ಟುಬಿಡೋಣ. ತಳ್ಳೋಕೆ ಜಾಗವೇ ಇರಲ್ಲ.”

ಅಂದೇ ಮೆಟ್ಟಿಲುಗಳಿಗೆ ನಂಬರು ಬಿತ್ತು. ಅಕ್ಕ ಮನೆಮನೆಗೆ ಹೋಗಿ ಚೀಟಿ ಹರಿದು ಕೊಟ್ಟರು: ‘ಮೆಟ್ಟಿಲು 23. ನಿಮ್ಮದು. ವರ್ಗಾಯಿಸುವಂತಿಲ್ಲ.’ ಮೊದಲ ವಾರ ನಗು, ಎರಡನೆಯ ವಾರ ಜಗಳ. ಇಪ್ಪತ್ತಮೂರರವರು ಇಪ್ಪತ್ತನಾಲ್ಕರವರ ಮೇಲೆ ಕಣ್ಣಿಟ್ಟರು, ಇಪ್ಪತ್ತನಾಲ್ಕರವರು ಕಿಟಕಿಯಲ್ಲೇ ಕುಳಿತು ತರಕಾರಿ ಹೆಚ್ಚತೊಡಗಿದರು. ಚೀಲ ಬಿಟ್ಟುಹೋದದ್ದಕ್ಕೆ ದಬಾಯಿಸಿದ ಹೆಂಗಸು ಈಗ ಪೊರಕೆ ಹಿಡಿದು ದಾರಿಹೋಕರ ಜೇಬುಗಳನ್ನೇ ಗುಮಾನಿಯಿಂದ ನೋಡುತ್ತಿದ್ದಳು. ಭಾನುವಾರ ನಮಗೆ ಎತ್ತಲು ಎಲೆಯೂ ಸಿಗಲಿಲ್ಲ.

ತಪಾಸಣೆಗೆ ಪುರಸಭೆಯ ಎಂಜಿನಿಯರು ಬರುವ ಸೋಮವಾರ ಅಕ್ಕ ಬೆಳಿಗ್ಗೆ ಆರಕ್ಕೇ ಇಳಿದು ತಂಗಿಯ ಮನೆಯಲ್ಲಿ ಕಾದರು. ಒಂಬತ್ತೂವರೆಗೆ ಹೊರಗೆ ಬಂದವರು ಮೊದಲ ಮೆಟ್ಟಿಲಿಗೆ ಎತ್ತಿದ ಕಾಲನ್ನು ಹಾಗೇ ಹಿಂದಕ್ಕೆ ಎಳೆದುಕೊಂಡರು. ಒಬ್ಬರಿಗಿಂತ ಒಬ್ಬರ ಮೆಟ್ಟಿಲು ಚೆಂದ ಕಾಣಲೆಂದು ಅರವತ್ತನಾಲ್ಕಕ್ಕೂ ಬಣ್ಣ ಬಳಿದುಬಿಟ್ಟಿದ್ದರು. ಕೆಂಪು, ಹಸಿರು, ಹಳದಿ. ಯಾವ ಬಣ್ಣವಾದರೂ ಹಸಿಹಸಿಯೇ.

ಜೀಪು ಎಂಜಿನಿಯರನ್ನು ಇಳಿಸಿ ಹೊರಟುಹೋಯಿತು. ಅವರು ಊಟದ ಚೀಲವನ್ನು ತಂಗಿಯ ಜಗಲಿಯ ಮೇಲಿಟ್ಟು ಫೈಲು ಬಿಚ್ಚಿದರು.

“ಹತ್ತೋದು ಹೇಗಮ್ಮ?”

“ಇವತ್ತು ಆಗಲ್ಲ ಸಾರ್, ಸಂಜೆ ಬನ್ನಿ” ಅಂದ ಮೂರನೇ ಮೆಟ್ಟಿಲಿನವನು, ಕುಂಚ ಅಡ್ಡ ಹಿಡಿದು.

“ಹತ್ತೋಕಾಗದ ಮೆಟ್ಟಿಲನ್ನ ಬಳಕೆಗೆ ಯೋಗ್ಯ ಅಂತ ಬರೆಯೋಕೆ ಬರುತ್ತೇನ್ರಿ?” ಎಂಜಿನಿಯರು ಪೆನ್ನಿನ ಮುಚ್ಚಳ ತೆಗೆದರು.

ಅಕ್ಕನ ಗಂಟಲು ಒಣಗಿತು. ಒಣಗಬೇಕಾದದ್ದು ಮಾತ್ರ ಒಣಗಿರಲಿಲ್ಲ. “ಮೇಲಿನ ತುದೀನೂ ನೋಡಿ ಬರೀಬೇಕು ತಾನೆ ಸಾರ್? ನೋಡಿಬಿಟ್ಟು ಏನು ಬೇಕಾದ್ರೂ ಬರೀರಿ. ನಾನೇ ಕರ್ಕೊಂಡು ಹೋಗ್ತೀನಿ.”

ಹೊರಟರು. ಬಿಸಿಲು ಆಗಲೇ ಸುಡುತ್ತಿತ್ತು. ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ಗಾಡಿಯೊಂದು ಯಾರನ್ನೋ ಹುಡುಕುತ್ತಿರುವಂತೆ ನಿಧಾನವಾಗಿ ಹೋಗುತ್ತಿತ್ತು. ಅಕ್ಕ ಎಂಜಿನಿಯರಿಗೆ ಡಬ್ಬಿ ಎಣಿಸಲು ಹೇಳಿದರು. ಐವತ್ತೆಂಟು. ಆಮೇಲೆ ಏರು. ದಾರಿಯುದ್ದಕ್ಕೂ ಅಕ್ಕ ಹಳೆಯ ಅಭ್ಯಾಸದಂತೆ ಮುಂದೆ ಬರುವುದನ್ನೆಲ್ಲ ಕೂಗಿ ಹೇಳಿದರು: ಹಿಟ್ಟಿನ ಗಿರಣಿ, ನೀರಿನ ಟ್ಯಾಂಕು, ಇನ್ನೂ ಅರ್ಧ ದಾರಿ. ಹೊರಟು ಒಂದು ಗಂಟೆ ಐದು ನಿಮಿಷವಾದ ಮೇಲೆ ಎಂಜಿನಿಯರು ಮೇಲಿನ ಬೀದಿಯ ಕಟ್ಟೆಯ ಮೇಲೆ ಕುಸಿದು ಕುಳಿತು ಕೆಳಗೆ ನೋಡಿದರು. ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿ, ಜಗಲಿಯ ಮೇಲೆ ತಂಗಿ ಊಟದ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೈಬೀಸುತ್ತಿದ್ದಳು.

ಎಂಜಿನಿಯರು ಚೀಲ ನೋಡಿದರು, ಬಂದ ದಾರಿ ನೋಡಿದರು.

“ಗೇಟು ಹಾಕಿದ್ರೆ ಇವರೆಲ್ಲ ದಿನಾ ಹೀಗೇ ಬರಬೇಕೇನಮ್ಮ?”

“ಹೂಂ ಸಾರ್. ಮಂಡಿ ನೆಟ್ಟಗಿರೋವ್ರು.”

ಅವರು ಅಲ್ಲೇ ಕುಳಿತು ಬರೆದರು: ‘ಶುಚಿಯಾಗಿದೆ. ಗೇಟಿನ ಅಗತ್ಯವಿಲ್ಲ.’ ಸಹಿ ಹಾಕಿ, “ಈ ಬಣ್ಣ ಯಾವಾಗ ಒಣಗುತ್ತೆ?” ಎಂದು ಕೇಳಿದರು.

ನಾಲ್ಕಕ್ಕೆ ಒಣಗಿತು. ಅಷ್ಟರಲ್ಲಿ ದರ್ಜಿ ಯಜಮಾನರು ಅವರಿಗೆ ಊಟ ಹಾಕಿ, ಸುಮ್ಮನಿರಲಾರದೆ ಒಂದು ಪ್ಯಾಂಟಿಗೆ ಅಳತೆಯನ್ನೂ ತೆಗೆದಿದ್ದರು. ಅಕ್ಕ ಮುಂದೆ, ಷೂ ಕೈಯಲ್ಲಿ ಹಿಡಿದ ಎಂಜಿನಿಯರು ಹಿಂದೆ. ಅರವತ್ತನಾಲ್ಕು ಮನೆಯವರ ಎಚ್ಚರಿಕೆ ಕೇಳುತ್ತಾ ಇಳಿದರು.

“ಹಾಳಾಗಿಬಿಡುತ್ತೆ ಅಂತ ಊಟ ನಾನೇ ತಿಂದೆ” ಅಂದಳು ತಂಗಿ. “ಮನೇಲಿ ಹೇಳಿ, ಉಪ್ಪು ಕಮ್ಮಿ.”

ಎಂಜಿನಿಯರು ಟೀ ಕುಡಿದರು. ಇನ್ನೊಂದು ಲೋಟ ಕುಡಿದರು. ಮೂರನೆಯದಕ್ಕೆ ಲೋಟ ಚಾಚಿದಾಗ ತಂಗಿ ಅಕ್ಕನ ಕಿವಿಯ ಹತ್ತಿರ ಬಾಗಿದಳು.

“ನಾಳೆ ನೀನೊಬ್ಬಳೇ ಬಾ. ಹಾಲು ಸಾಲಲ್ಲ.”