ಕರಿಬೇವಿನ ಕುಂಡಕ್ಕೆ ಬಿಟ್ಟ ಬಾಯ್ಲರ್ ನೀರು

ಅತ್ತೆಯ ಕರಿಬೇವಿನ ಗಿಡವನ್ನು ಕೊಂದದ್ದು ನಾನು. ಇಷ್ಟು ಹೇಳುವುದಕ್ಕೆ ಎರಡು ವರ್ಷ ಬೇಕಾಯಿತು. ಥೂ, ನನ್ನ ಜನ್ಮಕ್ಕೆ!

ಅಮೆರಿಕದ ಅಲೆನ್ ಎಂಬ ಊರಿನ ನಮ್ಮ ಮನೆಯ ಗ್ಯಾರೇಜಿನಲ್ಲಿ ಸ್ನಾನದ ನೀರಿಗೆಂದು ಹೊಸ ಗ್ಯಾಸ್ ಬಾಯ್ಲರ್ ಹಾಕಿಸಿದ್ದೆವು. ಹೊಗೆಯಲ್ಲಿ ಹೋಗುವ ಬಿಸಿಯನ್ನೂ ಬಿಡದೆ ಹೀರಿಕೊಳ್ಳುವ ಜಾತಿಯದು. ಹೊಗೆ ತಣಿದಾಗ ಅದರೊಳಗಿನ ಹಬೆ ನೀರಾಗಿ ತೊಟ್ಟಿಕ್ಕುತ್ತದೆ. ಗ್ಯಾರೇಜಿನಲ್ಲಿ ಮೋರಿಯಿಲ್ಲವಾದ್ದರಿಂದ ಆ ನೀರನ್ನು ಒಂದು ಪುಟ್ಟ ಪಂಪಿನ ಪೆಟ್ಟಿಗೆಗೆ ಬಿಟ್ಟು, ಅಲ್ಲಿಂದ ಪೈಪಿನಲ್ಲಿ ಮೇಲೆತ್ತಿ, ಬಟ್ಟೆ ಒಗೆಯುವ ಕೋಣೆಯ ಡ್ರೈನಿಗೆ ಸೇರಿಸಬೇಕು. ಪ್ಲಂಬರ್ ಸದ್ಯಕ್ಕೆ ಒಂದು ಬಕೆಟ್ ಇಟ್ಟು, ಪಂಪ್ ಕೂರಿಸಲು ಮುಂದಿನ ವಾರ ಬರುತ್ತೇನೆಂದು ಹೋದ. ದಿನವಿಡೀ ಕೋಡ್ ಬರೆಯುವವನಿಗೆ ಒಂದು ಪೈಪ್ ಜೋಡಿಸುವುದು ಯಾವ ಮಹಾ ವಿದ್ಯೆ ಎಂದುಕೊಂಡು, ಅವನಿಗೆ ಬರುವುದು ಬೇಡವೆಂದು ಹೇಳಿ, ಶನಿವಾರ ಪಂಪ್ ತಂದು ನಾನೇ ಜೋಡಿಸಲು ಕೂತೆ.

ಬಕೆಟ್ಟಿನ ನೀರು ಕನ್ನಡಿಯಂತಿತ್ತು. ನೀರು ಚೆಲ್ಲಿದರೆ ಬೈಸಿಕೊಂಡು ಬೆಳೆದ ಜೀವ ನನ್ನದು. ಅದನ್ನು ಮೋರಿಗೆ ಬಿಡಲು ಮನಸ್ಸು ಒಪ್ಪಲಿಲ್ಲ. ಎಸಿಯಿಂದ ಬರುವ ನೀರನ್ನು ಗಿಡಕ್ಕೆ ಹಾಕುವುದಿಲ್ಲವೇ? ಇದೂ ಹಾಗೇ ಎಂದು, ಪೈಪನ್ನು ಗೋಡೆಯಾಚೆ ದಾಟಿಸಿ ಹಿತ್ತಲಿನ ಕರಿಬೇವಿನ ಕುಂಡಕ್ಕೆ ಬಿಟ್ಟೆ. ಪಂಪಿನ ಜೊತೆ ಬಂದ ಪುಸ್ತಕವನ್ನು ಬಿಡಿಸಿಯೂ ನೋಡಲಿಲ್ಲ.

ಆ ಗಿಡ ಅತ್ತೆಯದು. ಮೊದಲ ಸಲ ಮೈಸೂರಿನಿಂದ ಬಂದಾಗ ಹತ್ತಿರದ ಊರಾದ ಲೂಯಿಸ್‌ವಿಲ್‌ನ ಆಂಟಿಯೊಬ್ಬರು ಕೊಟ್ಟ ಗೇಣುದ್ದದ ಸಸಿಯನ್ನು ಅವರೇ ನೆಟ್ಟಿದ್ದರು. ಚಳಿಗಾಲದಲ್ಲಿ ಒಳಗಿಟ್ಟು ಕಾಪಾಡಿದ್ದೆವು. ಎರಡನೆಯ ಸಲ ಬಂದಾಗ ಅದು ಅವರ ಸೊಂಟದಷ್ಟಾಗಿತ್ತು. ಸುತ್ತಲಿನ ಕನ್ನಡದ ಮನೆಗಳಿಗೆಲ್ಲ ಒಗ್ಗರಣೆಗೆ ಎಸಳು ನಮ್ಮಲ್ಲಿಂದಲೇ. ಕಾರು ಓಡಿಸಲು ಬಾರದ, ಮೊಮ್ಮಕ್ಕಳ ಇಂಗ್ಲಿಷ್ ಅರ್ಥವಾಗದ ಅತ್ತೆಯನ್ನು ಈ ಊರಿನಲ್ಲಿ ನಾಲ್ಕು ಜನ ಹುಡುಕಿಕೊಂಡು ಬರುತ್ತಿದ್ದುದು ಆ ಗಿಡದಿಂದ. "ನಿಮ್ಮ ಕೈಗುಣ ಅಂದ್ರೆ ಕೈಗುಣ ಆಂಟಿ" ಎಂದರೆ ಅವರ ಮುಖ ಅರಳುತ್ತಿತ್ತು.

ಪೈಪ್ ನೋಡಿದ ಅತ್ತೆ ನೀರನ್ನು ಬೆರಳಿಗೆ ತಾಗಿಸಿ ಮೂಸಿದರು.

"ಅಳಿಯಂದ್ರೆ, ಒಂಥರಾ ಹುಳಿ ವಾಸನೆ ಬರುತ್ತಲ್ಲ?"

"ಅದು ನೀವು ಸುರಿಯೋ ಮಜ್ಜಿಗೆದು ಅತ್ತೆ!" ಎಂದು ನಕ್ಕೆ.

ಕರಿಬೇವು ಚಿಗುರಲೆಂದು ವಾರಕ್ಕೊಮ್ಮೆ ಹುಳಿ ಮಜ್ಜಿಗೆ ಹಾಕುವುದು ಅವರ ಪದ್ಧತಿ. ಅವರೂ ನಕ್ಕರು.

ತಿಂಗಳೊಳಗೆ ಎಲೆ ಹಳದಿಯಾಯಿತು, ಉದುರತೊಡಗಿತು. ಒಂದು ಭಾನುವಾರ ಮನೆಗೆ ಬಂದ ಸ್ನೇಹಿತರ ಮುಂದೆ ನಾನೇ ಅಂದೆ: "ನಮ್ಮತ್ತೆ ಗಿಡಕ್ಕೆ ಮಜ್ಜಿಗೆ ಕುಡಿಸಿ ಕುಡಿಸಿ ಅಜೀರ್ಣ ಮಾಡಿಟ್ಟಿದ್ದಾರೆ." ಎಲ್ಲರೂ ಗೊಳ್ಳೆಂದು ನಕ್ಕರು. ಅತ್ತೆ ನಗಲಿಲ್ಲ. ಮರುದಿನದಿಂದ ಮಜ್ಜಿಗೆ ಹಾಕುವುದನ್ನು ನಿಲ್ಲಿಸಿದರು.

ಜುಲೈಯಲ್ಲಿ ಬಾಯ್ಲರ್ ನೋಡಲು ಬಂದ ಪ್ಲಂಬರ್ ಪೈಪಿನ ಜಾಡು ಹಿಡಿದು ಹಿತ್ತಲಿಗೆ ಹೋದವನು ತಲೆ ಚಚ್ಚಿಕೊಂಡ. ಇದು ಬರೀ ನೀರಲ್ಲ, ಹೆಚ್ಚು ಕಡಿಮೆ ವಿನೆಗರ್, ಇದರಡಿ ಹುಲ್ಲೂ ಉಳಿಯುವುದಿಲ್ಲ ಎಂದ. ಸುಣ್ಣದ ಕಲ್ಲಿನ ಚೂರು ತುಂಬಿದ ಡಬ್ಬಿಯ ಮೂಲಕ ಹಾಯಿಸಿ, ಹುಳಿ ತೆಗೆದು ಡ್ರೈನಿಗೆ ಬಿಡಬೇಕಂತೆ. ಪುಸ್ತಕದ ಮೊದಲ ಪುಟದಲ್ಲೇ ಇತ್ತು.

ಅಂದೇ ಅವನ ಕೈಲಿ ಪೈಪ್ ತೆಗೆಸಿ ಡ್ರೈನಿಗೆ ಸೇರಿಸಿದೆ. ಅತ್ತೆ ಅಡುಗೆಮನೆಯ ಬಾಗಿಲಿಂದ ಕೇಳಿದರು, "ಯಾಕೆ ತೆಗೆಸಿಬಿಟ್ರಿ?"

"ಇಲ್ಲಿ ರೂಲ್ಸ್ ಅಂತೆ ಅತ್ತೆ."

ಆಗಲೇ ಹೇಳಬಹುದಿತ್ತು. ಅಷ್ಟು ಜನರ ಮುಂದೆ ಅವರನ್ನು ನಗೆಪಾಟಲು ಮಾಡಿದವನಿಗೆ ಬಾಯಿ ಬರಲಿಲ್ಲ. ಹೇಡಿ ನಾನು, ಇನ್ನೇನೂ ಅಲ್ಲ. ಆಗಸ್ಟಿನ ಬಿಸಿಲಿಗೆ ಗಿಡ ಒಣಕಲು ಕಡ್ಡಿಯಾಯಿತು. ಅತ್ತೆ ಅದನ್ನು ಬುಡಸಮೇತ ಕಿತ್ತು, ಕುಂಡ ತೊಳೆದು ಮಗುಚಿಟ್ಟರು.

ಲೂಯಿಸ್‌ವಿಲ್‌ನ ಆಂಟಿ ಸುದ್ದಿ ಕೇಳಿ ಇನ್ನೊಂದು ಸಸಿ ತಂದರು. ಅತ್ತೆ ಅದನ್ನು ಮುಟ್ಟಲೇ ಇಲ್ಲ.

"ಬೇಡಮ್ಮ, ನೀವೇ ಇಟ್ಕೊಳ್ಳಿ. ನನ್ನ ಕೈಗುಣ ಹೋಯ್ತು. ವಯಸ್ಸಾಯ್ತಲ್ಲ, ಎಷ್ಟು ಹಾಕ್ಬೇಕು ಅನ್ನೋ ಅಂದಾಜೇ ತಪ್ತಾ ಇದೆ."

ನಾನು ಪಕ್ಕದಲ್ಲೇ ಚಕ್ಕುಲಿ ತಿನ್ನುತ್ತ ಕೂತಿದ್ದೆ. ತಟ್ಟೆಯಿಂದ ಇನ್ನೊಂದನ್ನು ಎತ್ತಿಕೊಂಡೆ. ಅಕ್ಟೋಬರಿನಲ್ಲಿ ಅವರು ಮೈಸೂರಿಗೆ ಹೊರಟುಹೋದರು.

ಮೊನ್ನೆ ವಿಡಿಯೋ ಕಾಲಿನಲ್ಲಿ ನನ್ನ ಹೆಂಡತಿ, ಮೈಸೂರಿನ ಮನೆಯ ಮುಂದಿದ್ದ ಅಷ್ಟೂ ಕುಂಡ ಎಲ್ಲಿ ಹೋದವೆಂದು ಕೇಳಿದಳು. ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟೆ, ನನ್ನ ಹತ್ತಿರ ಇದ್ದರೆ ಪಾಪ ಸಾಯುತ್ತವೆ ಎಂದರು ಅತ್ತೆ. ನನಗೆ ತಡೆಯಲಾಗಲಿಲ್ಲ. ಫೋನ್ ಕಿತ್ತುಕೊಂಡು ಒಂದೇ ಉಸಿರಿಗೆ ಎಲ್ಲ ಹೇಳಿದೆ: ಪೈಪ್, ಹುಳಿ ನೀರು, ಪ್ಲಂಬರ್, ನನ್ನ ಸುಳ್ಳು. ತಪ್ಪು ನಿಮ್ಮದಲ್ಲ ಅತ್ತೆ, ನಂದು, ಎಂದೆ.

ಅತ್ತೆಗೆ ಕಣ್ಣು ತುಂಬಿ ಬಂತು.

"ಬಿಡಿ ಅಳಿಯಂದ್ರೆ, ನನಗೆ ಬೇಜಾರಾಗ್ಬಾರ್ದು ಅಂತ ಎಷ್ಟೆಲ್ಲ ಕತೆ ಕಟ್ತೀರಿ," ಎಂದು ಮಗಳ ಕಡೆ ತಿರುಗಿದರು. "ಪುಣ್ಯ ಮಾಡಿದ್ದೆ ಕಣೇ ನೀನು. ಇಂಥಾ ಗಂಡ ಸಿಗೋಕೆ."