ಮಷಿನ್ ಹೊತ್ತು ಬಂದವಳ ಪಾಠ

ಶಾಂತವ್ವ, ನಿಮ್ಮ ಗುಟ್ಟನ್ನು ಊರಿಗೆ ಹೇಳಿದ್ದು ನಿಮ್ಮ ಅಕ್ಕ ಗಂಗವ್ವ ಅಲ್ಲ. ನಾನು — ನಿಮ್ಮ ಮಗಳು ರೇಣುಕಾಗೆ ಸುರೇಬಾನದಲ್ಲಿ ಕನ್ನಡ ಕಲಿಸಿದ ಬಾಯಾರು. ಅಷ್ಟೇ ಆಗಿದ್ದರೆ ಬಾಯಿ ಹಗುರ ಎಂದು ಬೈದು ಬಿಡಬಹುದಿತ್ತು. ತಪ್ಪು ಗಂಗವ್ವನ ತಲೆಗೆ ಬರುವ ಹಾಗೆ ಮಾಡಿದ್ದೂ ನಾನೇ.

ನನಗೆ ಆಗ ಅಲ್ಪವಿರಾಮದ ಹುಚ್ಚು. ಮಕ್ಕಳು ಅದನ್ನು ಒಗ್ಗರಣೆಗೆ ಸಾಸಿವೆ ಹಾಕಿದ ಹಾಗೆ ಎಲ್ಲೆಂದರಲ್ಲಿ ಉದುರಿಸುತ್ತಿದ್ದರು, ಇಲ್ಲವೇ ಪುಟವೆಲ್ಲ ಹುಡುಕಿದರೂ ಒಂದೂ ಇರುತ್ತಿರಲಿಲ್ಲ. ಹಾಗಾಗಿ ಅಲ್ಪವಿರಾಮಗಳನ್ನೆಲ್ಲ ತೆಗೆದ ಒಂದು ಹಾಳೆ ಕೊಟ್ಟು, ಮನೆಯಲ್ಲಿ ಹಿರಿಯರ ಮುಂದೆ ಗಟ್ಟಿಯಾಗಿ ಓದಿ, ಉಸಿರು ಎಲ್ಲಿ ನಿಲ್ಲುತ್ತದೋ ಅಲ್ಲಿ ಗುರುತು ಹಾಕಿಕೊಂಡು ಬನ್ನಿ ಎನ್ನುತ್ತಿದ್ದೆ. ಹಾಳೆಯಲ್ಲಿ ಇರುತ್ತಿದ್ದುದೆಲ್ಲ ಧೈರ್ಯವಂತ ಹೆಣ್ಣುಮಕ್ಕಳ ಕತೆ. ಕಿತ್ತೂರಿನ ರಾಣಿಯ ಕತೆ ಕೊಟ್ಟು ನೋಡಿದೆ, ನಡೆಯಲಿಲ್ಲ — ಅದು ಎಲ್ಲರಿಗೂ ಬಾಯಿಪಾಠ, ಹಾಳೆ ನೋಡದೆಯೇ ಒದರಿಬಿಡುತ್ತಿದ್ದರು. ಯಾರಿಗೂ ಗೊತ್ತಿಲ್ಲದ ಒಬ್ಬ ಹೆಣ್ಣುಮಗಳು ನನಗೆ ಬೇಕಾಗಿದ್ದಳು.

ಆ ದಿನಗಳಲ್ಲೇ ನಿಮ್ಮ ಮನೆಗೆ ಕುಪ್ಪಸದ ಅಳತೆ ಕೊಡಲು ಬಂದಿದ್ದೆ. ಯಾಕೋ ನೀವು ಕತ್ತರಿ ಕೆಳಗಿಟ್ಟು ಹೇಳತೊಡಗಿದಿರಿ. ಗಂಡ ಸತ್ತಿಲ್ಲ, ಸಾಲಹಳ್ಳಿಯಲ್ಲಿದ್ದಾನೆ. ಅವನ ಹೊಡೆತ ತಾಳಲಾರದೆ ಮನೆ ಬಿಟ್ಟಿರಿ. ತೊರಗಲ್ಲಿನಲ್ಲಿ ಅಕ್ಕ ಬಾಗಿಲು ತೆಗೆದು, ಏನಾಯಿತೆಂದೂ ಕೇಳದೆ, ಮೊದಲು ಕೂಸಿಗೆ ಹಾಲು ಕಾಯಿಸಿದಳು.

"ರೇಣುಕಾಗ ಅಪ್ಪ ಸತ್ತಾನ ಅಂತ ಹೇಳೇನ್ರಿ. ನಮ್ಮಕ್ಕನ ಬಿಟ್ರ ಇದು ಯಾರಿಗೂ ಗೊತ್ತಿಲ್ರಿ ಬಾಯಾರ. ನಿಮ್ಮ ಹೊಟ್ಟ್ಯಾಗ ಇಟ್ಕೋರಿ," ಎಂದಿರಿ. ನಾನು ನಿಮ್ಮ ಕೈ ಹಿಡಿದು ಹೂಂ ಎಂದೆ.

ಮನೆಗೆ ಹೋಗಿ ಬರೆದೆ. ಹೆಸರು ಬದಲಿಸಿದೆ, ಊರನ್ನು ಸವದತ್ತಿಯ ಕಡೆ ದಾಟಿಸಿದೆ. ಇಷ್ಟಾದರೆ ಯಾರಿಗೆ ತಿಳಿಯುತ್ತದೆ ಎಂದು — ಎಂಥ ಜಾಣತನ! ಒಂದು ವಾಕ್ಯವನ್ನು ಮಾತ್ರ ಬಿಡಲು ಮನಸ್ಸಾಗಲಿಲ್ಲ. 'ತಲೆಯ ಮೇಲೆ ಹೊಲಿಗೆ ಮಷಿನ್ನು, ಬಗಲಲ್ಲಿ ಕೂಸು, ಸೆರಗಿನಲ್ಲಿ ರೊಟ್ಟಿ ಕಟ್ಟಿಕೊಂಡು, ಬದುಕಿದ್ದ ಗಂಡನನ್ನು ಸತ್ತನೆಂದು ಹೇಳಿಕೊಂಡು, ಅವಳು ನಡೆದಳು.' ಅಲ್ಪವಿರಾಮ ಕಲಿಸಲು ಇದಕ್ಕಿಂತ ಒಳ್ಳೆಯ ವಾಕ್ಯ ಎಲ್ಲಿ ಸಿಗಬೇಕು? ನಾನೇ ಓದಿ ನಾನೇ ಹಿಗ್ಗಿದೆ. ನೀವು ಮಷಿನ್ ಹೊತ್ತು ಬಸ್ಸಿನಿಂದ ಇಳಿದದ್ದನ್ನು ಸುರೇಬಾನವೆಲ್ಲ ಕಂಡಿತ್ತು, ಊರಿನವರ ಬಾಯಲ್ಲಿ ನೀವು ಮಷಿನ್ ಶಾಂತವ್ವ. ಅದು ನನ್ನ ನೆನಪಿಗೆ ಬರಲಿಲ್ಲ ಎನ್ನಲಾರೆ. ಬಂತು. ವಾಕ್ಯ ಚೆನ್ನಾಗಿತ್ತು, ಉಳಿಸಿಕೊಂಡೆ.

ಹಾಳೆ ಹಂಚಿದ ಸಂಜೆ ಓಣಿ ಓಣಿಯಲ್ಲಿ ಮಕ್ಕಳು ಗಟ್ಟಿಯಾಗಿ ಓದಿದರು. ಅತ್ತೆ ಸೊಸೆಯರು ಒಲೆಯ ಮುಂದೆ ಕೂತು ಕೇಳಿದರು. ರೇಣುಕಾ ನಿಮ್ಮ ಪಕ್ಕದಲ್ಲೇ ಕೂತು ಓದಿದಳು. ಆ ವಾಕ್ಯದ ನಡುವೆ ನಿಂತವಳು ಮುಂದೆ ಓದಲಿಲ್ಲ. ಮಷಿನ್ನಿನ ಕಡೆ ನೋಡಿದಳು, ಆಮೇಲೆ ನಿಮ್ಮ ಕಡೆ.

"ಯವ್ವಾ, ನಮ್ಮಪ್ಪ ಇನ್ನಾ ಅದಾನೇನ?"

ಇದನ್ನೆಲ್ಲ ಮರುದಿನ ಬೆಳಿಗ್ಗೆ ಶಾಲೆಯ ಗೇಟಿನಲ್ಲಿ ನಿಂತು ನೀವೇ ನನಗೆ ಹೇಳಿದಿರಿ. ಕೈಯಲ್ಲಿ ಆ ಹಾಳೆ ಇತ್ತು. ನಿಮ್ಮ ದನಿಯಲ್ಲಿ ಸಿಟ್ಟಿರಲಿಲ್ಲ — ಇದ್ದಿದ್ದರೆ ನಾನು ಹೆದರಿಯಾದರೂ ನಿಜ ಹೇಳುತ್ತಿದ್ದೆನೇನೋ. ಗೊತ್ತಿಲ್ಲ. ಮಕ್ಕಳು ಪ್ರಾರ್ಥನೆಗೆ ಸಾಲುಗಟ್ಟುತ್ತಿದ್ದರು. ಹೆಡ್ ಮಾಸ್ತರರು ವರಾಂಡದಿಂದ ನಮ್ಮನ್ನೇ ನೋಡುತ್ತಿದ್ದರು.

"ಬಾಯಾರ, ಇದನ್ನ ನೀವು ಬರದ್ರೇನ್ರಿ?"

"ನಾ ಅಲ್ಲ. ತೊರಗಲ್ ಕಡಿಂದ ಬಂದ ಹಾಳಿ ಅದು. ಅಲ್ಲಿ ಬಾಯಾರೊಬ್ರು ಕೊಟ್ಟಿದ್ರು," ಎಂದೆ.

ಬಾಯಿಗೆ ಮೊದಲು ಬಂದ ಊರು ಎಂದು ಇಷ್ಟು ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸುಳ್ಳು. ನಿಮ್ಮ ಅಕ್ಕ ಅಲ್ಲಿದ್ದಾಳೆಂದು ಗೊತ್ತಿದ್ದೇ ಆ ಹೆಸರು ಹೇಳಿದೆ. ನಿಮ್ಮ ಕಣ್ಣು ನನ್ನ ಮೇಲಿಂದ ಒಮ್ಮೆ ಆ ಕಡೆ ತಿರುಗಿದರೆ ಸಾಕಾಗಿತ್ತು. ತಿರುಗಿತು. "ಹಂಗಾರ ನಮ್ಮಕ್ಕ..." ಎಂದಿರಿ. ಪ್ರಾರ್ಥನೆಗೆ ಹೊತ್ತಾಯಿತೆಂದು ನಾನು ಒಳಗೆ ನಡೆದೆ.

ರೇಣುಕಾ ಕೆಲವು ಕಾಲ ನಿಮ್ಮೊಡನೆ ಮಾತು ಬಿಟ್ಟಳು, ದೊಡ್ಡವಳಾದಂತೆ ನಿಮ್ಮನ್ನು ಅರಿತುಕೊಂಡಳು. ಗಂಗವ್ವನ ಹೆಸರು ಮಾತ್ರ ನಿಮ್ಮ ಮನೆಯಲ್ಲಿ ಮತ್ತೆ ಕೇಳಲಿಲ್ಲ. ನನಗೆ ಬೈಲಹೊಂಗಲಕ್ಕೆ ವರ್ಗವಾಯಿತು. ರೇಣುಕಾಳ ಮದುವೆಗೆ ನೀವು ಅಲ್ಲಿಯವರೆಗೂ ಬಂದು ಕರೆದಿರಿ. ಮಗಳ ಉಡಿ ತುಂಬಲು ದೊಡ್ಡವ್ವ ಬಂದು ನಿಲ್ಲಬೇಕಾದ ಜಾಗದಲ್ಲಿ ನನ್ನನ್ನು ನಿಲ್ಲಿಸಿ, "ಸಾಲಿ ಕಲಿಸಿದ ಬಾಯಾರು, ನಮಗ ಇವ್ರಿಗಿಂತಾ ಯಾರು ಹೆಚ್ಚು?" ಎಂದು ಬೀಗರಿಗೆ ಹೇಳಿದಿರಿ. ನಾನು ಆ ಉಡಿಯಲ್ಲಿ ಅಕ್ಕಿ ಹಾಕಿದೆ, ಕೊಬ್ಬರಿ ಬಟ್ಟಲು ಇಟ್ಟೆ. ಅದನ್ನು ನೆನೆದರೆ ಈಗ ನನ್ನ ಮೇಲೇ ನನಗೆ ಹೇಸಿಗೆಯಾಗುತ್ತದೆ.

ಮೊನ್ನೆ ತೊರಗಲ್ಲಿಗೆ ಹೋಗಿದ್ದೆ. ಗಂಗವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಎಲ್ಲವನ್ನೂ ಹೇಳಿದೆ. ಬೈಯಲಿ ಎಂದು ಕಾದೆ. ಅವಳು ಮೊರ ಕೆಳಗಿಟ್ಟಳು.

"ನಾ ಹೇಳಿಲ್ಲವಾ ತಂಗಿ ಅಂತ ಅಕಿ ಕಾಲು ಹಿಡದಿದ್ದೇನ್ರಿ. ನಂಬಲಿಲ್ಲ. ನೀವು ಹೇಳಿದ್ದ ನಂಬಿದ್ಲು, ಕಲಿತವ್ರು ಅಂತ." ಮತ್ತೆ ಮೊರ ಎತ್ತಿಕೊಂಡಳು. "ನನಗ್ಯಾಕ ಹೇಳ್ತೀರಿ? ನನಗ ಗೊತ್ತಿದ್ದ ಮಾತು. ಅಕಿಗೆ ಹೇಳ್ರಿ."

ಈ ಪತ್ರವನ್ನು ನಿಮಗೆ ಕಳಿಸುವುದಿಲ್ಲ, ಶಾಂತವ್ವ. ಬರೆದು ಕೆಡಿಸಿದ್ದು ಸಾಕು. ಬರುವ ರವಿವಾರ ಸುರೇಬಾನಕ್ಕೆ ಬರುತ್ತೇನೆ. ನೀವು ಬಾಗಿಲು ಹಾಕಿಕೊಳ್ಳಬಹುದು, ಮಷಿನ್ ನಿಲ್ಲಿಸದೆಯೂ ಇರಬಹುದು. ನಿಮ್ಮ ಬದುಕಿನ ಬಗ್ಗೆ ಒಂದು ಮಾತೂ ನನ್ನ ಬಾಯಿಂದ ಇನ್ನು ಬರುವುದಿಲ್ಲ. ಓಣಿಗೆಲ್ಲ ಕೇಳುವ ಹಾಗೆ ಇಷ್ಟನ್ನೇ ಹೇಳುತ್ತೇನೆ: ಗಂಗವ್ವ ಹೇಳಿರಲಿಲ್ಲ.