ನಸ್ರುಲ್ಲಾ ಸಾಬರು ಲಾರಿಯ ಹಿಂದೆ ಕೂತದ್ದು

ಸಕಲೇಶಪುರದಲ್ಲಿ ಹೊಳೆಯ ಸೇತುವೆ ದಾಟಿ ಎಡಕ್ಕೆ ಹೊರಳಿದರೆ ನಸ್ರುಲ್ಲಾ ಸಾಬರ ಗ್ಯಾರೇಜು. ಬೋರ್ಡಿಲ್ಲ. ತುಕ್ಕು ಹಿಡಿದ ಕಮಾನು ಪಟ್ಟಿಗಳನ್ನು ಬೇಲಿಯಂತೆ ನೆಟ್ಟಿದ್ದಾರೆ, ಅದೇ ಗುರುತು. ಮೂವತ್ತೊಂದು ವರ್ಷದಿಂದ ಅವರದು ಒಂದೇ ಕೆಲಸ, ಗಾಡಿಗಳಿಗೆ ಕಮಾನು ಕಟ್ಟುವುದು. ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ, ನಡುವೆ ಬೋಲ್ಟು ಬಿಗಿದು ಗಾಲಿಯ ಅಚ್ಚಿಗೆ ಕೂಡಿಸುವುದು. ಭಾರಕ್ಕೆ ಅದು ಚಪ್ಪಟೆಯಾದರೆ 'ಕಮಾನು ಕೂತಿತು' ಎನ್ನುತ್ತಾರೆ. ಸಾಬರು ಕಟ್ಟಿದ ಕಮಾನು ಕೂರುವುದಿಲ್ಲ ಎಂಬ ಮಾತು ಆಲೂರಿನಿಂದ ಬಿಸಿಲೆಯವರೆಗೂ ಇತ್ತು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಅವರು ಕೇಳಿಸದವರಂತೆ ಕನ್ನಡಕ ಒರೆಸುತ್ತಿದ್ದರು. ಅಷ್ಟು ಇಷ್ಟ ಅವರಿಗೆ ಅದು.

ಈ ಸಲ ಕಾಫಿ ಹಣ್ಣಿನ ಕುಯ್ಲಿಗೆ ಮುಂಚೆ ಬೆಳಗೋಡು ಕಡೆಯ ಮೋಹನ್ ಗೌಡರು ಮಿಲಿಟರಿಯವರು ಹರಾಜು ಹಾಕಿದ ಹಳೇ ಲಾರಿಯೊಂದನ್ನು ತಂದು ನಿಲ್ಲಿಸಿದರು. ಅವರ ತೋಟದ ದಾರಿಯಲ್ಲಿ ಎಂಟು ತಿರುವು. ಉದ್ದ ಲಾರಿ ಒಂದೇ ಏಟಿಗೆ ತಿರುಗುವುದಿಲ್ಲ. ಸಾಬರು ಅಡಿಯ ಉಕ್ಕಿನ ಚೌಕಟ್ಟಾದ ಚಾಸಿಯನ್ನೇ ಮೂರಡಿ ಕತ್ತರಿಸಿ ಬೆಸೆದು, ಹಿಂದಿನ ಅಚ್ಚನ್ನು ಮುಂದಕ್ಕೆ ತಂದು ಲಾರಿಯನ್ನು ಗಿಡ್ಡ ಮಾಡಿದರು. "ಮೂಟೆ ಹೇರಿದ್ರೆ ಹಿಂದೆ ಕೂರ್ಬಾರ್ದು ಸಾಬ್ರೆ" ಎಂದು ಗೌಡರು ಹೇಳಿದ್ದಕ್ಕೆ, ಮೊದಲೇ ದಪ್ಪಗಿದ್ದ ಮಿಲಿಟರಿ ಕಮಾನಿಗೆ ಇನ್ನೆರಡು ಪಟ್ಟಿ ಸೇರಿಸಿದರು. ಐವತ್ತು ಮೂಟೆ ಹೇರಿ, ದಾರ ಹಿಡಿದು ಅಳೆದರು. ಒಂದು ಬೆರಳಷ್ಟೂ ಇಳಿದಿರಲಿಲ್ಲ. ಕನ್ನಡಕ ಒರೆಸಿಕೊಂಡರು.

ಹನ್ನೆರಡು ದಿನ ಕಳೆದು, ಬೆಳಗಿನ ಬಸ್ಸಿಳಿದು ಒಬ್ಬ ಹೆಂಗಸು ನೇರ ಗ್ಯಾರೇಜಿಗೆ ಬಂದಳು. ಸೊಂಟದಲ್ಲಿ ಏಳು ತಿಂಗಳ ಕೂಸು.

"ಕಮಾನ್ ಸಾಬ್ರು ಅಂದ್ರೆ ನೀವೇನಾ?"

"ಹೂಂ ಕಣವ್ವ. ಯಾವ ಗಾಡಿ?"

"ಗಾಡಿ ನಂದಲ್ಲ. ನಾನು ಗಂಗಾಮಣಿ ಅಂತ. ಮೋಹನ್ ಗೌಡ್ರ ಮಿಲ್ಟ್ರಿ ಲಾರೀಲಿ ದಿನಾ ಹಣ್ಣು ಕುಯ್ಯೋಕೆ ಹೋಗೋಳು."

"ಅದು ಮೂಟೆ ಹೊರೋ ಗಾಡಿ ಅಲ್ವೇನವ್ವ?"

"ಸಂಜೆ ಮೂಟೆ ಹೊರ್ತದೆ. ಬೆಳಿಗ್ಗೆ ನಮ್ಮನ್ನ ಹೊರ್ತದೆ. ಹೊರೋದೆಲ್ಲಿ ಬಂತು, ಮೊರದಲ್ಲಿ ಕೇರ್ದಂಗೆ ಕೇರ್ತದೆ."

ಸಾಬರು ನಕ್ಕರು. ಅವಳು ನಗಲಿಲ್ಲ. ಕೂಸಿನ ಎಡಗಾಲಿನ ಬಟ್ಟೆ ಸರಿಸಿ ತೋರಿಸಿದಳು. ಹಿಮ್ಮಡಿಯ ಮೇಲೆ, ಬಳೆ ತೊಡಿಸಿದ ಹಾಗೆ, ನಾಲ್ಕು ನೀಲಿ ಗುರುತು.

"ಇದು ನಂದೇ ಬೆರಳು. ನೆನ್ನೆ ಮೋರಿ ಹತ್ರ ಗಾಡಿ ಎತ್ತಾಕ್ತು. ಮಡಿಲಲ್ಲಿದ್ದ ಗಗನಾ ನನ್ನ ತಲೆಗಿಂತ ಮ್ಯಾಲೆ ಹೋದ್ಲು. ಕೈ ಚಾಚ್ದೆ, ಒಂದು ಕಾಲು ಸಿಕ್ತು. ಇದೊಂದೇ ಸಿಕ್ಕಿದ್ದು."

ಸಾಬರ ಕೈಯಲ್ಲಿದ್ದ ಸ್ಪ್ಯಾನರು ಅಲ್ಲೇ ನಿಂತಿತು. ಬಾಯಿಗೆ ಮೊದಲು ಬಂದದ್ದನ್ನು ಆಡಿದರು: "ಡ್ರೈವರ್ ಶಿವು ಜೋರಾಗಿ ಓಡಿಸಿರ್ತಾನೆ."

"ನಾನೂ ಹಂಗೇ ಅಂದ್ಕಂಡು ಬೈದೆ. ಮುಂದೆ ಕೂತೋರಿಗೆ ಏನೂ ಆಗಲ್ವಲ್ಲಕ್ಕ, ಅಂದ. ಕೂಸು ಕಟ್ಕಂಡು ಏಳು ಮೈಲಿ ನಡೆಯಕ್ಕಾಗಲ್ಲ, ಹಾಲು ಕುಡಿಯೋದನ್ನ ಮನೇಲಿ ಬಿಟ್ಟು ಬರಕ್ಕೂ ಆಗಲ್ಲ. ನೀವು ಒಂದ್ಸಲ ಹಿಂದೆ ಕೂತು ನೋಡಿ ಸಾಬ್ರೆ. ಆಮ್ಯಾಕೆ ಏನಾದ್ರೂ ಹೇಳಿ."

ಕೂತಿದ್ದೀನಿ ಕಣವ್ವ ಎನ್ನಲು ಹೊರಟವರು ತಡೆದರು. ಯೋಚಿಸಿದರು. ಗಾಡಿಯ ಕೆಳಗೆ ಮಲಗಿದ್ದರು, ಮುಂದಿನ ಸೀಟಲ್ಲಿ ಕೂತು ಪರೀಕ್ಷೆ ಮಾಡಿದ್ದರು. ಮೂವತ್ತೊಂದು ವರ್ಷದಲ್ಲಿ ತಾವು ಕಟ್ಟಿದ ಒಂದೇ ಒಂದು ಗಾಡಿಯ ಹಿಂದೆ ಅವರು ಕೂತಿರಲಿಲ್ಲ.

ಮಾರನೆ ಬೆಳಿಗ್ಗೆ ಅವರು ಬೆಳಗೋಡಿಗೆ ಹೋದಾಗ ಲಾರಿಯಲ್ಲಿ ಆಗಲೇ ಹತ್ತು ಹೆಂಗಸರಿದ್ದರು. ಗಂಗಾಮಣಿ ಹತ್ತುವುದು ಎಲ್ಲರಿಗಿಂತ ಕೊನೆಗೆ, ಹಾಗಾಗಿ ಅವಳಿಗೆ ಸಿಗುವುದು ಹಿಂದಿನ ಗಾಲಿಗಿಂತಲೂ ಆಚೆಯ ಮೂಲೆ. ಆ ಮೂಲೆಯಲ್ಲಿ ಸಾಬರನ್ನು ಕೂರಿಸಿ, ಮಡಿಲಿಗೆ ಒಂದು ಸಿಹಿಗುಂಬಳಕಾಯಿ ಇಟ್ಟಳು.

"ಇದೇನವ್ವ?"

"ಅಂಗನವಾಡೀಲಿ ತೂಗ್ದಾಗ ಗಗನಾ ಏಳು ಕೆಜಿ ಇದ್ಲು. ಇದೂ ಏಳೇ. ಸ್ಟೋರಿನ ತಕ್ಕಡೀಲಿ ನೋಡಿವ್ನಿ."

"ಅಳಿಸ್ಬೇಡಿ ಸಾಬ್ರೆ, ಕತ್ತು ಹಿಡ್ಕಳಿ" ಎಂದು ಯಾರೋ ಛೇಡಿಸಿದರು. ದಿನವೂ ಮೇಸ್ತ್ರಿ ಕೂರುವ ಮುಂದಿನ ಸೀಟನ್ನು ಅಂದು ಬಿಡಿಸಿಕೊಂಡು, ಕೂಸನ್ನೆತ್ತಿಕೊಂಡು ಗಂಗಾಮಣಿ ಶಿವುವಿನ ಪಕ್ಕ ಹತ್ತಿದಳು. "ದಿನಾ ಹೋಗೋ ಹಂಗೇ ಹೋಗಪ್ಪ" ಎಂದು ಸಾಬರು ಕೂಗಿ ಹೇಳಿದರು.

ಮೂರನೇ ತಿರುವಿನ ತನಕ ಹೆಂಗಸರು ಅವರನ್ನು ಗೋಳು ಹೊಯ್ದುಕೊಂಡರು. ಆಮೇಲೆ, ಯಾರೂ ಹೇಳದೆ, ಎಲ್ಲರೂ ಒಟ್ಟಿಗೆ ಸುಮ್ಮನಾದರು. ಹತ್ತು ಜೊತೆ ಕೈ ಪಕ್ಕದ ಸಲಾಕೆಗಳನ್ನು ಹಿಡಿದವು. ಇದೇಕೆ ಎಂದು ಸಾಬರಿಗೆ ತಿಳಿಯಲಿಲ್ಲ. ತಿರುವಿನಲ್ಲಿ ದಾರಿಗೆ ಅಡ್ಡವಾಗಿ ಉಬ್ಬಿದ ಮೋರಿ. ಮುಂದಿನ ಗಾಲಿ ಅದನ್ನು ಹತ್ತಿ ಇಳಿಯಿತು, ಏನೂ ಆಗಲಿಲ್ಲ. ಇಷ್ಟೇ ತಾನೇ ಎಂದುಕೊಂಡರು.

ಹಿಂದಿನ ಗಾಲಿ ಹತ್ತಿತು.

ಕೆಳಗಿನಿಂದ ಯಾರೋ ಒದ್ದಂತಾಯಿತು. ಸಾಬರ ಕುಂಡೆ ಹಲಗೆ ಬಿಟ್ಟಿತು, ಹಲ್ಲಿಗೆ ನಾಲಿಗೆ ಸಿಕ್ಕಿತು, ಮಡಿಲಿನ ಭಾರ ಮಾಯವಾಯಿತು. ಅವರು ಕೈ ಚಾಚಿದರು. ಏನೂ ಸಿಗಲಿಲ್ಲ. ಹಿಂಬಾಗಿಲಿನ ಕಬ್ಬಿಣಕ್ಕೆ ಬಡಿದ ಕುಂಬಳಕಾಯಿ ಎರಡು ಹೋಳಾಗಿ, ಅದರ ಒದ್ದೆ ಬೀಜ ಅವರ ಪಂಚೆಯ ಮೇಲೆಲ್ಲ ಚೆಲ್ಲಿತು.

ಯಾರೂ ನಗಲಿಲ್ಲ. ಛೇಡಿಸಿದವಳೂ ಮುಖ ತಿರುಗಿಸಿದಳು.

ಆ ದಿನ ಸಾಬರು ಊಟಕ್ಕೆ ಕೂತು ಮೋರಿಯ ಕತೆಯನ್ನು ಮನೆಯಲ್ಲಿ ಹೇಳಿದರು. "ಮದುವೆಯಾದಾಗಿಂದ ನಿಮ್ಮ ಸ್ಕೂಟರ್ ಹಿಂದೆ ಕೂತಿದೀನಿ. ಹೇಗಿದೆ ಅಂತ ಒಂದಿನ ಕೇಳಿದ್ರಾ?" ಎಂದಳು ಹೆಂಡತಿ ಆಮಿನಾ. ತಮಾಷೆಗೇ ಅಂದದ್ದು. ಸಾಬರು ತಲೆ ಎತ್ತಿ, "ಹೇಗಿದೆ?" ಎಂದು ಕೇಳಿಬಿಟ್ಟರು. ಆಮಿನಾ ಗಾಬರಿಯಾಗಿ ಅವರ ಹಣೆ ಮುಟ್ಟಿ ನೋಡಿದಳು.

ಲಾರಿಯನ್ನು ಮತ್ತೆ ಗ್ಯಾರೇಜಿಗೆ ತರಿಸಿದರು. ಕುಯ್ಲಿನ ನಡುವೆ ಮೂರು ದಿನ ಗಾಡಿ ನಿಂತಿದ್ದಕ್ಕೆ ಗೌಡರು ಹಾರಾಡಿದರು.

"ಪಟ್ಟಿ ತೆಗುದ್ರೆ ಮೂಟೆ ಯಾರ್ ಹೊರ್ತಾರೆ ಮಾರಾಯ್ರೆ?"

"ತೆಗೆಯಲ್ಲ ಗೌಡ್ರೆ, ಬೇರೆ ಮಾಡ್ತೀನಿ. ಐವತ್ತು ಮೂಟೆಗೇ ಬಾಗದ್ದು ಹತ್ತು ಹೆಂಗಸ್ರಿಗೆ ಬಾಗಲ್ಲ, ಒದೀತದೆ."

ದಪ್ಪ ಪಟ್ಟಿಗಳನ್ನು ಬಿಚ್ಚಿ, ಕೆಳಗೆ ತೆಳು ಪಟ್ಟಿಗಳ ಮೆದು ಕಟ್ಟು ಮಾತ್ರ ಉಳಿಸಿದರು. ದಪ್ಪದವನ್ನು ಬೇರೆ ಕಟ್ಟಾಗಿ ಅದರ ಮೇಲೆ ಕೂರಿಸಿ, ಚಾಸಿಗೆ ತಾಗದಂತೆ ಎರಡು ಬೆರಳು ಜಾಗ ಬಿಟ್ಟರು. ಜನ ಕೂತಾಗ ಮೆದುವಿನದೇ ಕೆಲಸ. ಮೂಟೆ ಬಿದ್ದು ಗಾಡಿ ತಗ್ಗಿದಾಗ ಮೇಲಿನದು ತಾಗಿ ಭಾರ ಹೊರಬೇಕು. ಹಳೇ ಬಸ್ಸಿನದೊಂದು ಜೊತೆ ಶಾಕ್ ಅಬ್ಸಾರ್ಬರನ್ನೂ ಹಿಂದಕ್ಕೆ ಹಾಕಿದರು. ಖಾಲಿ ಲಾರಿ ಮೊದಲಿಗಿಂತ ನಾಲ್ಕು ಬೆರಳು ತಗ್ಗಿ ನಿಂತಿತು. 'ಏನ್ ಸಾಬ್ರೆ, ಕೂತೋಯ್ತು' ಎಂದು ದಾರಿಹೋಕರು ಕೇಳಿದರು. ಸಾಬರು ಬೋಲ್ಟು ಬಿಗಿದರು.

ನಾಲ್ಕನೇ ದಿನ ಅದೇ ಮೂಲೆ, ಹೊಸ ಕುಂಬಳಕಾಯಿ. ಗೌಡರೂ ಹಿಂದೆಯೇ ಹತ್ತಿ ಕೂತರು. ಮೋರಿ ಬಂತು. ಕಾಯಿ ಮಡಿಲಲ್ಲೇ ಒಮ್ಮೆ ಎದ್ದು ಕೂತಿತು, ಅಷ್ಟೇ. ಹೆಂಗಸರು ಹೋ ಎಂದರು.

"ಇನ್ನೊಂದ್ಸಲ" ಎಂದು ಮುಂದಿನ ಸೀಟಿನಿಂದ ಕೂಗಿದಳು ಗಂಗಾಮಣಿ.

ಮೂರು ಸಲ ಮೋರಿ ದಾಟಿ, ಮೂರು ಸಲವೂ ಗಾಡಿ ತಿರುವಿನ ಹಿಂದಕ್ಕೆ ಬಂತು. ಆಮೇಲೆ ಅವಳು ಮುಂದಿನಿಂದ ಇಳಿದು ಬಂದು, ಕುಂಬಳಕಾಯಿಯನ್ನು ಎತ್ತಿ ಗೌಡರ ಕೈಗೆ ಕೊಟ್ಟಳು. ಕೂಸನ್ನು ಸಾಬರ ಮಡಿಲಿಗೆ ಇಟ್ಟು ಪಕ್ಕದಲ್ಲೇ ಕೂತಳು.

"ನೀವೇ ಹಿಡ್ಕಳಿ. ಕಟ್ಟಿದ್ದು ನೀವೇ ಅಲ್ವಾ?"

ಗಗನಾ ಅವರ ಗಡ್ಡ ಹಿಡಿದಳು. ಪಂಚೆ ಬೆಚ್ಚಗಾಯಿತು, ಉಚ್ಚೆ ಹೊಯ್ದಿದ್ದಳು. ಲಾರಿ ಹೊರಟಿತು. ಮೂರನೇ ತಿರುವು ಕಂಡದ್ದೇ ಸಾಬರ ಗಂಟಲಿಂದ ತಾವೇ ಗುರುತಿಸದ ಒಂದು ದನಿ ಹೊರಟಿತು: "ಶಿವೂ! ನಿಧಾನ ಕಣೋ, ನಿಧಾನ!"

"ನಿಧಾನ ಯಾಕೆ? ದಿನಾ ಹೋಗೋ ಹಂಗೇ ಹೋಗ್ಲಿ" ಎಂದಳು ಗಂಗಾಮಣಿ. ಅವಳ ಒಂದು ಕೈ ಮಾತ್ರ ಕೂಸಿನ ಕಾಲಿನ ಹತ್ತಿರವೇ ಇತ್ತು.

ಹಿಂದಿನ ಗಾಲಿ ಮೋರಿ ಹತ್ತಿ ಇಳಿಯಿತು. ಗಗನಾ ಗಡ್ಡ ಬಿಡಲಿಲ್ಲ, ಅಳಲೂ ಇಲ್ಲ. ಆದರೆ ಆ ಪುಟ್ಟ ಕತ್ತು ಒಮ್ಮೆ ಹಿಂದಕ್ಕೆ ಜೋಲಿದ್ದು ಸಾಬರ ಅಂಗೈಗೆ ತಿಳಿಯಿತು. ಅವರು ಹಲಗೆ ಬಡಿದು ಗಾಡಿ ನಿಲ್ಲಿಸಿದರು.

"ಈಗೇನು? ಚೆನ್ನಾಗೇ ಐತಲ್ಲ" ಎಂದರು ಗೌಡರು, ಕಾಯಿ ತಬ್ಬಿಕೊಂಡೇ.

"ಕುಂಬಳಕಾಯಿಗೆ ಸಾಕು ಗೌಡ್ರೆ. ಮೆದು ಕಟ್ಟಿಂದ ಇನ್ನೊಂದು ಪಟ್ಟಿ ತೆಗೀಬೇಕು."

ಕೂಸನ್ನು ತಾಯಿಗೆ ಕೊಟ್ಟು, ಒದ್ದೆ ಪಂಚೆಯಲ್ಲೇ ಇಳಿದು, ಲಾರಿಯ ಕೆಳಗೆ ನುಸುಳಿ ಮಲಗಿದರು. ಸ್ಪ್ಯಾನರ್ ಕೊಡೋ ಎಂದು ಶಿವುವಿನ ಕಡೆ ಕೈ ಚಾಚಿದರು.